ದಂಡು ಪೇಟೆಗೆ ಬಂದಾಗ

ಉರ್ದುವಿನಲ್ಲಿ 'ಸಿಪಾಹಿ' ಎಂಬ ಒಂದೇ ಪದ ಗಡಿ ಕಾಯುವ ಯೋಧನಿಗೂ ಸಲ್ಲುತ್ತದೆ, ಠಾಣೆಯ ಕಾನ್‌ಸ್ಟೇಬಲ್‌ಗೂ ಸಲ್ಲುತ್ತದೆ. ಕನ್ನಡದಲ್ಲಿ ಯೋಧ ಬೇರೆ, ಪೇದೆ ಬೇರೆ. ಈ 'ಪೇದೆ'ಯ ಮೂಲ ಪಾರಸಿಯ 'ಪಿಯಾದಾ'. ಕಾಲ್ನಡಿಗೆಯವನು ಎಂದು ಅದರ ಅರ್ಥ. ಚದುರಂಗದ ಹಾಸಿನಲ್ಲಿ ಮುಂದಿನ ಸಾಲಿಗೆ ನಿಲ್ಲುವ ಕಾಲಾಳಿಗೂ ಉರ್ದುವಿನಲ್ಲಿ ಇದೇ ಹೆಸರು. ಅಂದರೆ ಎರಡೂ ಪದಗಳು ಹುಟ್ಟಿದ್ದು ರಣರಂಗದಲ್ಲೇ. ಆದರೆ ಒಂದು ಪದ ಕಾಲಕ್ರಮದಲ್ಲಿ ಊರೊಳಗೆ ಬಂದು, ಲಾಠಿ ಹಿಡಿದು, ಸಂತೆಯ ಮೂಲೆಯಲ್ಲಿ ನಿಂತು ಚಹಾ ಕುಡಿಯುವ ಒಬ್ಬ ಮನುಷ್ಯನ ಹೆಸರಾಯಿತು. ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನಮಗೆ, ಪದವೊಂದು ಹೀಗೆ ಪಳಗಿದ ಬಗೆಯಲ್ಲಿ ಸಮಾಜವೊಂದರ ಕಥೆಯೇ ಅಡಗಿದೆ ಎನಿಸುತ್ತದೆ.

ಬೆಂಗಳೂರಿನ ಹಳಬರು ಇಂದಿಗೂ 'ದಂಡು' ಎನ್ನುತ್ತಾರೆ, 'ಪೇಟೆ' ಎನ್ನುತ್ತಾರೆ. 1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯಕ್ಕೆಂದು ನೆಲೆ ಮಾಡಿಕೊಂಡದ್ದು ದಂಡು. ನೇಕಾರರು, ವರ್ತಕರು, ಕೂಲಿಕಾರರು ಬಾಳಿ ಬದುಕಿದ್ದು ಪೇಟೆ. ಈ ಅಂತರವನ್ನು ಬ್ರಿಟಿಷರು ಇಟ್ಟುಕೊಂಡದ್ದು ಪೇಟೆಯವರ ಮೇಲಿನ ಪ್ರೀತಿಯಿಂದಲ್ಲ ಎಂಬುದು ನಿಜ. ಆದರೂ ಆ ಎರಡು ಪದಗಳಲ್ಲಿ ಒಂದು ತಿಳಿವಳಿಕೆ ಉಳಿದುಕೊಂಡಿದೆ: ದಂಡಿಗೆ ಒಂದು ಜಾಗವಿದೆ, ಪೇಟೆಗೆ ಇನ್ನೊಂದು. ದಂಡು ಪೇಟೆಗೆ ಬಂದ ದಿನ ಪೇಟೆಯವರು ಅಂಗಡಿ ಮುಚ್ಚುತ್ತಾರೆ.

ದಂಡು ಪೇಟೆಗೆ ಬರಲು ಸೈನಿಕನೇ ಬರಬೇಕೆಂದಿಲ್ಲ. ಅವನ ಸಾಮಾನು ಬಂದರೂ ಸಾಕು. ಹೀಗಾದಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ಕಡೆ ನೋಡಬೇಕು. ಪೊಲೀಸರ ಕೈಗೆ ಸೈನ್ಯದ ಸಲಕರಣೆ ಕೊಡಬೇಕೇ ಬೇಡವೇ ಎಂಬ ವಾದ ಅಲ್ಲಿ ನಡೆದಷ್ಟು ಜೋರಾಗಿ ಬೇರೆಲ್ಲೂ ನಡೆದಿಲ್ಲ.

2014ರ ಆಗಸ್ಟ್ 9ರಂದು ಮಿಸೌರಿ ರಾಜ್ಯದ ಫರ್ಗ್ಯುಸನ್ ಎಂಬ ಪುಟ್ಟ ಪಟ್ಟಣದಲ್ಲಿ ಮೈಕೆಲ್ ಬ್ರೌನ್ ಎಂಬ ಹದಿನೆಂಟು ವರ್ಷದ ಕಪ್ಪು ಯುವಕ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದ. ಅವನ ಕೈಯಲ್ಲಿ ಆಯುಧವಿರಲಿಲ್ಲ. ಜನ ಬೀದಿಗಿಳಿದರು. ಮುಂದಿನ ದಿನಗಳಲ್ಲಿ ಜಗತ್ತು ಕಂಡ ಚಿತ್ರಗಳನ್ನು ಮರೆಯುವುದು ಕಷ್ಟ. ಕವಚವಾಹನದ ಮೇಲೆ ಕುಳಿತ ಪೊಲೀಸ, ಅವನ ರೈಫಲ್ಲಿನ ಗುರಿಯೊಳಗೆ ಕೈ ಮೇಲೆತ್ತಿ ನಿಂತ ಹುಡುಗರು, ಅಶ್ರುವಾಯುವಿನ ಹೊಗೆ. ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ದುಡಿದು ಬಂದ ಅನೇಕ ಮಾಜಿ ಸೈನಿಕರೇ ಇದನ್ನು ಕಂಡು, ನಿರಾಯುಧ ಗುಂಪಿನ ಕಡೆ ಹೀಗೆ ಬಂದೂಕು ತೋರಿಸುವುದನ್ನು ಸೈನ್ಯ ಕೂಡ ತಮಗೆ ಕಲಿಸಿರಲಿಲ್ಲವೆಂದು ಬೇಸರಪಟ್ಟರು.

ಸೈನಿಕರನ್ನು ಊರ ಕಾವಲಿಗೆ ಬಳಸಬಾರದೆಂಬ ಕಾನೂನು ಅಮೆರಿಕದಲ್ಲಿ 1878ರಿಂದಲೇ ಇದೆ. ಅದರ ಹುಟ್ಟು ಅಷ್ಟೇನೂ ಶುದ್ಧವಲ್ಲ. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಮತದ ಹಕ್ಕನ್ನು ಕೇಂದ್ರದ ಸೈನಿಕರು ಕಾಯುತ್ತಿದ್ದರು. ಆ ಸೈನಿಕರನ್ನು ಹೊರಗಿಡಬೇಕೆಂದು ಹಟ ಹಿಡಿದ ಬಿಳಿಯ ರಾಜಕಾರಣಿಗಳ ಒತ್ತಾಯದ ಫಲ ಆ ಕಾನೂನು. ಒಳ್ಳೆಯ ತತ್ವವೊಂದು ಕೆಟ್ಟ ಉದ್ದೇಶದ ಹೊಟ್ಟೆಯಲ್ಲಿ ಹುಟ್ಟಿತು. ಆದರೂ ಅದು ಸೈನಿಕನನ್ನು ಬಹುಮಟ್ಟಿಗೆ ಬೀದಿಯಿಂದ ದೂರವಿಟ್ಟಿತು. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸಿಗೆ ನ್ಯಾಷನಲ್ ಗಾರ್ಡ್ ಪಡೆಯನ್ನೂ ಸುಮಾರು 700 ನೌಕಾ ಯೋಧರನ್ನೂ ಕಳಿಸಿದಾಗ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೆಳಹಂತದ ಫೆಡರಲ್ ನ್ಯಾಯಾಲಯವೊಂದು ಈ ಕಾನೂನು ಮುರಿಯಲಾಗಿದೆ ಎಂದು ತೀರ್ಪಿತ್ತಿತು. ಸರ್ಕಾರ ಮೇಲ್ಮನವಿ ಹೋಯಿತು.

ಸೈನಿಕನನ್ನು ತಡೆದ ಈ ಕಾನೂನು ಸೈನಿಕನ ಸಾಮಾನನ್ನು ಮಾತ್ರ ತಡೆಯಲಿಲ್ಲ. ಮಾದಕವಸ್ತುಗಳ ಮೇಲೆ ಅಲ್ಲಿನ ಸರ್ಕಾರ 'ಯುದ್ಧ' ಸಾರಿದ ಕಾಲದಲ್ಲಿ, 1981ರಲ್ಲಿ, ಸೈನ್ಯವು ಪೊಲೀಸರಿಗೆ ಸಲಕರಣೆ ಒದಗಿಸಲು ದಾರಿ ತೆರೆಯಲಾಯಿತು. 1990ರ ಹೊತ್ತಿಗೆ ಸೈನ್ಯದಲ್ಲಿ ಮಿಕ್ಕ ವಸ್ತುಗಳನ್ನು ಪೊಲೀಸರಿಗೆ ದಾಟಿಸುವ ವ್ಯವಸ್ಥೆ ಬಂತು. 1997ರ ರಕ್ಷಣಾ ಕಾಯ್ದೆಯ 1033ನೇ ವಿಧಿ ಅದನ್ನು ಕಾಯಂ ಮಾಡಿತು. ಅಲ್ಲಿಂದ ಮುಂದೆ 700 ಕೋಟಿ ಡಾಲರಿಗೂ ಮಿಕ್ಕಿದ ಮೂಲಬೆಲೆಯ ವಸ್ತುಗಳು ಸುಮಾರು 8,000 ಪೊಲೀಸ್ ಸಂಸ್ಥೆಗಳ ಕೈ ಸೇರಿದವು. ಇದರಲ್ಲಿ ಕುರ್ಚಿ, ಕಡತದ ಬೀರು, ಹಾಸಿಗೆ, ಔಷಧಿ ಪೆಟ್ಟಿಗೆಗಳೂ ಇವೆ. ರೈಫಲ್ಲುಗಳು, ಬಯೊನೆಟ್ಟುಗಳು, ಇರಾಕಿನ ರಸ್ತೆಬದಿಯ ಬಾಂಬುಗಳನ್ನು ತಡೆದುಕೊಳ್ಳಲೆಂದೇ ಕಟ್ಟಿದ, ಹದಿನೈದು-ಇಪ್ಪತ್ತು ಟನ್ ತೂಗುವ ವಾಹನಗಳೂ ಇವೆ. ಸಾಗಣೆಯ ಖರ್ಚು ಕೊಟ್ಟರೆ ಸಾಕು, ಮಾಲು ಪುಕ್ಕಟೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಮಾತು ನಮ್ಮ ಕಡೆ ಇದೆಯಲ್ಲ. ಲಾಸ್ ಏಂಜಲೀಸಿನ ಶಾಲೆಗಳ ಪೊಲೀಸ್ ವಿಭಾಗವೇ ಒಂದು ಬಾಂಬುನಿರೋಧಕ ವಾಹನ, 61 ರೈಫಲ್, ಮೂರು ಗ್ರೆನೇಡ್ ಲಾಂಚರ್ ತರಿಸಿಕೊಂಡಿತ್ತು. ಫರ್ಗ್ಯುಸನ್ ನಂತರ ಜನ ಪ್ರಶ್ನಿಸಿದಾಗ ಲಾಂಚರುಗಳನ್ನೂ ವಾಹನವನ್ನೂ ಹಿಂತಿರುಗಿಸಿತು. ಶಾಲೆಯ ಮಕ್ಕಳನ್ನು ಕಾಯುವವರಿಗೆ ಗ್ರೆನೇಡ್ ಲಾಂಚರ್ ಏಕೆಂದು ತರಿಸುವ ಮುನ್ನ ಕೇಳಬೇಕಿತ್ತು. ಬಂದ ಮೇಲಷ್ಟೇ ಕೇಳಿದರು.

2017ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರು ಈ ವ್ಯವಸ್ಥೆಯನ್ನು ಪರೀಕ್ಷಿಸಲು ಒಂದು ಉಪಾಯ ಮಾಡಿದರು. ಇಲ್ಲದ ಪೊಲೀಸ್ ಸಂಸ್ಥೆಯೊಂದನ್ನು ಕಾಗದದ ಮೇಲೆ ಹುಟ್ಟಿಸಿ ಅರ್ಜಿ ಹಾಕಿದರು. ಸುಮಾರು 12 ಲಕ್ಷ ಡಾಲರ್ ಮೌಲ್ಯದ ನೂರಕ್ಕೂ ಹೆಚ್ಚು ನಿಯಂತ್ರಿತ ವಸ್ತುಗಳು ಅವರ ಕೈಗೆ ಬಂದವು. ಆದರೆ ನಮ್ಮನ್ನು ಹೆಚ್ಚು ಕಾಡುವುದು ಈ ವ್ಯವಸ್ಥೆಯಲ್ಲಿದ್ದ ಇನ್ನೊಂದು ನಿಯಮ. ಪಡೆದ ವಸ್ತುವನ್ನು ಒಂದು ವರ್ಷದೊಳಗೆ ಬಳಕೆಗೆ ತರಬೇಕು. ಇಲ್ಲವಾದರೆ ವಾಪಸು ಮಾಡಬೇಕು. ಸರ್ಕಾರಿ ಕಚೇರಿಯ ದೃಷ್ಟಿಯಲ್ಲಿ ಇದು ಸರಿಯಾದ ನಿಯಮವೇ. ಸುಮ್ಮನೆ ತುಕ್ಕು ಹಿಡಿಸಲು ಏಕೆ ಕೊಡಬೇಕು? ನೀತಿಯ ದೃಷ್ಟಿಯಲ್ಲಿ ಅದು ತಲೆಕೆಳಗು. ಕಷ್ಟ ಬಂದಾಗ ಆಯುಧ ಹುಡುಕುವುದು ಲೋಕದ ರೂಢಿ. ಇಲ್ಲಿ ಆಯುಧ ಮೊದಲು ಬಂದು, ಅದಕ್ಕೊಂದು ಕೆಲಸ ಹುಡುಕಬೇಕಾಯಿತು.

ಈಗ ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಅದನ್ನು ಕೇಳದೆ ಹೋದರೆ ನಮ್ಮ ಮಾತಿಗೂ ಬೆಲೆಯಿಲ್ಲ. 1997ರ ಫೆಬ್ರುವರಿ 28ರಂದು ಲಾಸ್ ಏಂಜಲೀಸಿನ ನಾರ್ತ್ ಹಾಲಿವುಡ್ ಪ್ರದೇಶದಲ್ಲಿ ಇಬ್ಬರು ದರೋಡೆಕೋರರು ಮೈತುಂಬ ಕವಚ ತೊಟ್ಟು, ಸ್ವಯಂಚಾಲಿತ ರೈಫಲ್ ಹಿಡಿದು ಬ್ಯಾಂಕಿನಿಂದ ಹೊರಬಂದರು. ಪೊಲೀಸರ ಪಿಸ್ತೂಲಿನ ಗುಂಡುಗಳು ಆ ಕವಚಕ್ಕೆ ತಾಗಿ ವ್ಯರ್ಥವಾದವು. ಪೊಲೀಸರು ಹತ್ತಿರದ ಬಂದೂಕಿನ ಅಂಗಡಿಗೆ ಓಡಿ ರೈಫಲ್ ಕೇಳಿ ತರಬೇಕಾಯಿತು. ಹಲವು ಪೊಲೀಸರು ಗಾಯಗೊಂಡರು. 2016ರಲ್ಲಿ ಆರ್ಲ್ಯಾಂಡೊದ ನೈಟ್‌ಕ್ಲಬ್ಬಿನಲ್ಲಿ 49 ಜನರನ್ನು ಕೊಂದವನು ಇನ್ನೂ ಒತ್ತೆಯಾಳುಗಳನ್ನು ಹಿಡಿದಿದ್ದಾಗ ಗೋಡೆ ಒಡೆಯಲು ನೆರವಾದದ್ದು ಪೊಲೀಸರ ಕವಚವಾಹನ. ಹೂಸ್ಟನ್ನಿನ 2017ರ ಪ್ರವಾಹದಲ್ಲಿ ಸೈನ್ಯದಿಂದ ಬಂದ ಎತ್ತರದ ಲಾರಿಗಳು ಮುಳುಗಿದ ಬೀದಿಗಳಿಂದ ಜನರನ್ನು ಹೊತ್ತು ತಂದವು. ಯಾರ ಮನೆಯಲ್ಲಿ ಬೇಕಾದರೂ ಬಂದೂಕು ಇರಬಹುದಾದ ದೇಶದಲ್ಲಿ ಬಾಗಿಲು ತಟ್ಟುವ ಪೊಲೀಸನೂ ಒಬ್ಬ ತಾಯಿಯ ಮಗನೇ. ಅವನು ಸಂಜೆ ಮನೆಗೆ ಮರಳಬೇಕು. ವಸ್ತುವಿನಲ್ಲಿ ಪಾಪವಿಲ್ಲ, ಬಳಸುವ ಕೈಯಲ್ಲಿ ಪಾಪವಿದೆ ಎನ್ನುತ್ತಾರೆ ಅವರು. ಇದು ತಳ್ಳಿಹಾಕುವ ಮಾತಲ್ಲ.

ಹಾಗಾದರೆ ಆ ಕೈ ಏನು ಮಾಡಿತು ಎಂದು ನೋಡೋಣ. ಇಂಥ ಸಂದರ್ಭಗಳಿಗೆಂದೇ 'ಸ್ವಾಟ್' ಎಂಬ ವಿಶೇಷ ಪಡೆಗಳು ಹುಟ್ಟಿದವು. ಅವು 1980ರ ಸುಮಾರಿಗೆ ವರ್ಷಕ್ಕೆ ಮೂರು ಸಾವಿರ ಬಾರಿ ಹೊರಬೀಳುತ್ತಿದ್ದವು, ಎರಡೂವರೆ ದಶಕದಲ್ಲಿ ಅದು ನಲವತ್ತೈದು ಸಾವಿರ ದಾಟಿತು ಎಂಬುದು ಅಪರಾಧಶಾಸ್ತ್ರಜ್ಞ ಪೀಟರ್ ಕ್ರಾಸ್ಕಾ ಅವರ ಅಂದಾಜು. ಇಷ್ಟೊಂದು ಒತ್ತೆಯಾಳು ಪ್ರಕರಣಗಳು ನಡೆದವೇ? ಇಲ್ಲ. ಅಮೆರಿಕದ ನಾಗರಿಕ ಹಕ್ಕುಗಳ ಒಕ್ಕೂಟ 2014ರಲ್ಲಿ ಇಪ್ಪತ್ತು ಪೊಲೀಸ್ ಸಂಸ್ಥೆಗಳ 800ಕ್ಕೂ ಹೆಚ್ಚು ಕಾರ್ಯಾಚರಣೆಗಳ ದಾಖಲೆಗಳನ್ನು ಜಾಲಾಡಿತು. ಅವುಗಳಲ್ಲಿ ನೂರಕ್ಕೆ 79 ಕೇವಲ ಮನೆ ಶೋಧದ ವಾರಂಟ್ ಜಾರಿಗೆ. ಹೆಚ್ಚಿನವು ಮಾದಕವಸ್ತು ಹುಡುಕಲು. ಒತ್ತೆಯಾಳು ಬಿಡಿಸಲು, ಗುಂಡು ಹಾರಿಸುತ್ತಿದ್ದವನನ್ನು ತಡೆಯಲು, ಬಾಗಿಲು ಹಾಕಿಕೊಂಡು ಕುಳಿತವನನ್ನು ಹಿಡಿಯಲು ಹೋದದ್ದು ನೂರಕ್ಕೆ ಏಳು ಮಾತ್ರ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದರೆ ಇದೇ.

ಗುಬ್ಬಿ ಎಂಬುದು ಇಲ್ಲಿ ಅಲಂಕಾರದ ಮಾತಾಗಿ ಉಳಿಯುವುದಿಲ್ಲ. 2014ರ ಮೇ ತಿಂಗಳ ಒಂದು ರಾತ್ರಿ ಜಾರ್ಜಿಯಾ ರಾಜ್ಯದ ಹ್ಯಾಬರ್‌ಶಾಮ್ ಕೌಂಟಿಯಲ್ಲಿ ಇಂಥ ಪಡೆಯೊಂದು ಮಾದಕವಸ್ತುವಿನ ಅನುಮಾನದ ಮೇಲೆ ಮನೆಯೊಂದರ ಬಾಗಿಲು ಒಡೆಯಿತು. ಕಣ್ಣು ಕೋರೈಸಿ ಕಿವಿ ಗಡಚಿಕ್ಕಿಸುವ ಸಿಡಿಗುಂಡೊಂದನ್ನು ಒಳಗೆ ಎಸೆದರು. ಅದು ಹತ್ತೊಂಬತ್ತು ತಿಂಗಳ ಕೂಸು ಮಲಗಿದ್ದ ಪುಟ್ಟ ಹಾಸಿಗೆಯಲ್ಲಿ ಬಿದ್ದು ಸಿಡಿಯಿತು. ಕೂಸಿನ ಮುಖ, ಎದೆ ಸುಟ್ಟು ಹರಿದವು. ಅವರು ಹುಡುಕುತ್ತಿದ್ದ ವ್ಯಕ್ತಿ ಆ ಮನೆಯಲ್ಲಿರಲಿಲ್ಲ. ಮಾದಕವಸ್ತುವೂ ಸಿಗಲಿಲ್ಲ. ಆ ಕುಟುಂಬ ಬೇರೊಂದು ರಾಜ್ಯದಲ್ಲಿ ತಮ್ಮ ಮನೆ ಸುಟ್ಟುಹೋಗಿ ನೆಂಟರಲ್ಲಿ ಆಸರೆ ಪಡೆದಿತ್ತು. ಮಗುವಿದೆ ಎಂದು ನಮಗೆ ತಿಳಿದಿರಲಿಲ್ಲ ಎಂದರು ಪೊಲೀಸರು. ಅದು ನಿಜವೇ ಇರಬಹುದು. ಬಾಗಿಲು ತಟ್ಟಿ ಕಾಯುವ ಪೇದೆಗೆ ಒಳಗಿನ ಮಗುವಿನ ಅಳು ಕೇಳುತ್ತದೆ. ಬಾಗಿಲು ಒಡೆಯುವವನಿಗೆ ಕೇಳುವುದಿಲ್ಲ.

ಕಥೆ ಬರೆಯುವ ನಮಗೆ ಒಂದು ಸಂಗತಿ ಅನುಭವದಿಂದ ಗೊತ್ತು. ಪಾತ್ರವೊಂದರ ಕೈಗೆ ಏನು ಕೊಡುತ್ತೇವೆಯೋ ಅದಕ್ಕೆ ತಕ್ಕಂತೆ ಆ ಪಾತ್ರಕ್ಕೆ ಲೋಕ ಕಾಣತೊಡಗುತ್ತದೆ. ಕೈಯಲ್ಲಿ ಕುಡುಗೋಲಿದ್ದವನಿಗೆ ಹೊಲದಲ್ಲಿ ಮೊದಲು ಕಾಣುವುದು ಬಲಿತ ತೆನೆ. ಕೈಯಲ್ಲಿ ಕ್ಯಾಮೆರಾ ಇದ್ದವನಿಗೆ ಅದೇ ಹೊಲದಲ್ಲಿ ಬೆಳಕು ಕಾಣುತ್ತದೆ. ವಸ್ತುವಿನಲ್ಲಿ ಪಾಪವಿಲ್ಲ ಎಂಬ ಮಾತು ಅರ್ಧ ಸತ್ಯ. ವಸ್ತುವಿಗೆ ಉದ್ದೇಶವಿಲ್ಲದಿರಬಹುದು, ನೋಟವಿದೆ. ಬಾಂಬು ಸಿಡಿಯುವ ರಸ್ತೆಗೆಂದು ಕಟ್ಟಿದ ವಾಹನದ ದಪ್ಪ ಗಾಜಿನ ಕಿಂಡಿಯಿಂದ ಹೊರಗೆ ನೋಡಿದರೆ ಪ್ರತಿ ತಿರುವಿನಲ್ಲೂ ಬಾಂಬು ಇರಬಹುದೆಂದೇ ತೋರುತ್ತದೆ. ಏಕೆಂದರೆ ಆ ಕಿಂಡಿ ಇರುವುದೇ ಅದಕ್ಕಾಗಿ. ಅದರಿಂದ ಹೊರಗೆ ನಿಂತವನ ಮುಖ ಕಾಣುವುದಿಲ್ಲ, ಚಲನವಲನ ಮಾತ್ರ ಕಾಣುತ್ತದೆ. ಹೊರಗಿನವನಿಗೂ ಒಳಗಿರುವವನ ಮುಖ ಕಾಣುವುದಿಲ್ಲ, ಎದೆಯ ಮೇಲಿನ ಹೆಸರುಪಟ್ಟಿಯೂ ಕಾಣುವುದಿಲ್ಲ.

ಸೈನಿಕ ಮತ್ತು ಪೊಲೀಸನ ನಡುವಿನ ವ್ಯತ್ಯಾಸ ಇರುವುದು ಇಲ್ಲೇ. ಬಲ ಹೆಚ್ಚು ಕಡಿಮೆ ಎಂಬುದು ಆಮೇಲಿನ ಮಾತು. ಸೈನಿಕ ಬರುತ್ತಾನೆ, ಕೆಲಸ ಮುಗಿಸಿ ಹೋಗುತ್ತಾನೆ. ಪೊಲೀಸ ನಾಳೆಯೂ ಅದೇ ಬೀದಿಯಲ್ಲಿ ನಡೆಯಬೇಕು. ಇಂದು ಯಾರ ಮೇಲೆ ಕೈ ಎತ್ತಿದನೋ ಅವನ ಅಣ್ಣನ ಅಂಗಡಿಯ ಮುಂದೆಯೇ ಹಾದುಹೋಗಬೇಕು. ಯುದ್ಧದಲ್ಲಿ ಎದುರಾಳಿ ಯಾರೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಬೀದಿಯಲ್ಲಿ ಎದುರಿಗಿರುವವನು ಅಪರಾಧಿಯೋ ಅಲ್ಲವೋ ಎಂಬುದು ನಿಶ್ಚಯವಾಗಿರುವುದಿಲ್ಲ. ಅದನ್ನು ನಿಶ್ಚಯಿಸುವವನು ಪೊಲೀಸನೂ ಅಲ್ಲ, ನ್ಯಾಯಾಧೀಶ. ಯುದ್ಧದ ಸಾಮಾನು ಈ ಅನಿಶ್ಚಯಕ್ಕೆ ಎಡೆ ಕೊಡುವುದಿಲ್ಲ.

ಈ ವ್ಯತ್ಯಾಸವನ್ನು ಇಂಗ್ಲೆಂಡು ಬೆಲೆ ತೆತ್ತು ಕಲಿಯಿತು. 1819ರಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ ಮೈದಾನದಲ್ಲಿ ಮತದ ಹಕ್ಕು ಕೇಳಲು ಸೇರಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿ ನುಗ್ಗಿದರು. ಹಲವರು ಸತ್ತರು, ನೂರಾರು ಜನ ಗಾಯಗೊಂಡರು. ಹತ್ತು ವರ್ಷದ ಬಳಿಕ, 1829ರಲ್ಲಿ, ರಾಬರ್ಟ್ ಪೀಲ್ ಲಂಡನ್ನಿಗೆ ಪೊಲೀಸ್ ಪಡೆ ಕಟ್ಟಿದಾಗ ಅವರಿಗೆ ನೀಲಿ ಕೋಟು ತೊಡಿಸಿದರು. ಸೈನ್ಯದ ಬಣ್ಣ ಕೆಂಪಾಗಿದ್ದರಿಂದ ಜನ ಹೆದರಬಾರದೆಂದು. ಕೈಗೆ ಮರದ ದೊಣ್ಣೆ ಕೊಟ್ಟರು. ಆದರೆ ಅದೇ ಸಾಮ್ರಾಜ್ಯ ತಾನು ಆಳುತ್ತಿದ್ದ ಐರ್ಲೆಂಡಿಗೆ ಬೇರೆಯೇ ಪೊಲೀಸರನ್ನು ಕಟ್ಟಿತು: ಬಂದೂಕು ಹೊತ್ತ, ಬ್ಯಾರಕ್ಕಿನಲ್ಲಿ ವಾಸಿಸುವ, ಊರಿಗೆ ಹೊರಗಿನವರಾದ ಪೊಲೀಸರನ್ನು. 1857ರ ನಂತರ ಹಿಂದೂಸ್ತಾನಕ್ಕೆ ಬಂದ 1861ರ ಪೊಲೀಸ್ ಕಾಯ್ದೆ ಅನುಸರಿಸಿದ್ದು ಲಂಡನ್ನಿನ ಮಾದರಿಯನ್ನಲ್ಲ, ಐರ್ಲೆಂಡಿನದನ್ನು. ಸ್ವಾತಂತ್ರ್ಯದ ನಂತರ ಕರ್ನಾಟಕವೂ 1963ರಲ್ಲಿ ತನ್ನದೇ ಪೊಲೀಸ್ ಕಾಯ್ದೆ ಮಾಡಿಕೊಂಡಿತು. ಆದರೆ ಹಳೆಯ ಅಚ್ಚು ಎಷ್ಟು ಕರಗಿದೆ ಎಂಬುದನ್ನು ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುವ ನಮ್ಮ ಬಡವರನ್ನು ಕೇಳಬೇಕು. ಆಳುವವರು ಯಾರನ್ನು ತಮ್ಮವರೆಂದು ಬಗೆಯುತ್ತಾರೋ ಅವರಿಗೆ ದೊಣ್ಣೆಯ ಪೊಲೀಸ್, ಯಾರನ್ನು ಪರರೆಂದು ಬಗೆಯುತ್ತಾರೋ ಅವರಿಗೆ ಬಂದೂಕಿನ ಪೊಲೀಸ್.

ಅಮೆರಿಕದಲ್ಲಿ ಪರರು ಯಾರು? ಲಾಸ್ ಏಂಜಲೀಸಿನ ಸ್ವಾಟ್ ಪಡೆ 1969ರಲ್ಲಿ ಮೊದಲ ದೊಡ್ಡ ದಾಳಿ ನಡೆಸಿದ್ದು ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕಚೇರಿಯ ಮೇಲೆ. 1985ರ ಮೇ 13ರಂದು ಫಿಲಡೆಲ್ಫಿಯಾದ ಪೊಲೀಸರು 'ಮೂವ್' ಎಂಬ ಕಪ್ಪು ಜನರ ಗುಂಪು ವಾಸವಿದ್ದ ಮನೆಯ ಮೇಲೆ ಹೆಲಿಕಾಪ್ಟರಿನಿಂದ ಬಾಂಬು ಹಾಕಿದರು. ಐವರು ಮಕ್ಕಳೂ ಸೇರಿ ಹನ್ನೊಂದು ಜನ ಸತ್ತರು. ಬೆಂಕಿ ಹಬ್ಬಿ 61 ಮನೆಗಳು ಸುಟ್ಟವು. ನಗರಸಭೆ ಅಧಿಕೃತವಾಗಿ ಕ್ಷಮೆ ಕೇಳಿದ್ದು 2020ರಲ್ಲಿ. ಫರ್ಗ್ಯುಸನ್ನಿನ ಬಗ್ಗೆ ಅಮೆರಿಕದ ನ್ಯಾಯ ಇಲಾಖೆ 2015ರಲ್ಲಿ ಕೊಟ್ಟ ವರದಿಯನ್ನು ಓದಿದರೆ, ಕವಚವಾಹನ ಬೀದಿಗೆ ಬರುವ ಬಹಳ ಮೊದಲೇ ಅಲ್ಲಿ ಏನೋ ಸತ್ತುಹೋಗಿತ್ತು ಎಂದು ತಿಳಿಯುತ್ತದೆ. ಮೂರರಲ್ಲಿ ಎರಡು ಪಾಲು ಕಪ್ಪು ಜನರಿದ್ದ ಆ ಊರಿನ 54 ಪೊಲೀಸರಲ್ಲಿ ಕಪ್ಪು ಜನ ನಾಲ್ವರು ಮಾತ್ರ. ದಂಡ ಹಾಕಿ ಪುರಸಭೆಯ ಬೊಕ್ಕಸ ತುಂಬುವುದೇ ಪೊಲೀಸರ ಮುಖ್ಯ ಕೆಲಸವಾಗಿತ್ತು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಅದೇ ಫರ್ಗ್ಯುಸನ್ನಿನಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಆಗಸ್ಟ್ 14ರಂದು ರಾಜ್ಯದ ಹೆದ್ದಾರಿ ಪೊಲೀಸಿನ ಕ್ಯಾಪ್ಟನ್ ರಾನ್ ಜಾನ್ಸನ್ ಅವರಿಗೆ ಹೊಣೆ ವಹಿಸಲಾಯಿತು. ಅವರು ಅದೇ ಸೀಮೆಯಲ್ಲಿ ಬೆಳೆದ ಕಪ್ಪು ಮನುಷ್ಯ. ಅನಿಲ ಮುಖವಾಡವಿಲ್ಲದೆ, ಎಂದಿನ ಸಮವಸ್ತ್ರದಲ್ಲಿ, ಜನರ ಜೊತೆ ಅವರು ನಡೆದರು. ಆ ರಾತ್ರಿ ಶಾಂತವಾಗಿತ್ತು. ಇದು ಜಾದೂ ಅಲ್ಲ. ಮರುದಿನಗಳಲ್ಲಿ ಮತ್ತೆ ಗಲಭೆ, ಲೂಟಿ, ಅಶ್ರುವಾಯು ಎಲ್ಲ ಮರಳಿದವು, ಕೊನೆಗೆ ನ್ಯಾಷನಲ್ ಗಾರ್ಡ್ ಕೂಡ ಬಂತು. ಆದರೆ ವಾಹನ ಬಿಟ್ಟು ಕೆಳಗಿಳಿದು ನಡೆಯುವುದೂ ಪೊಲೀಸರ ಕೈಯಲ್ಲಿರುವ ಒಂದು ಸಾಧನ ಎಂಬುದು ಒಂದು ರಾತ್ರಿಯ ಮಟ್ಟಿಗಾದರೂ ಕಂಡಿತು. ಪೇದೆ ಎಂದರೆ ನಡೆಯುವವನು ಎಂದು ನಿಘಂಟು ಹೇಳುವುದು ಇದನ್ನೇ.

ಆದರೆ 'ಸೈನ್ಯದ್ದು' ಎಂಬ ಹಣೆಪಟ್ಟಿಯೊಂದನ್ನೇ ನೋಡಿ ತೀರ್ಮಾನಕ್ಕೆ ಬಂದರೆ ನಾವು ಎಡವುತ್ತೇವೆ. ರಾಸಾಯನಿಕ ಅಸ್ತ್ರಗಳ ಮೇಲಿನ 1993ರ ಅಂತಾರಾಷ್ಟ್ರೀಯ ಒಪ್ಪಂದವು ಯುದ್ಧದ ತಂತ್ರವಾಗಿ ಅಶ್ರುವಾಯು ಬಳಸುವುದನ್ನು ನಿಷೇಧಿಸುತ್ತದೆ. ಸ್ವಂತ ದೇಶದೊಳಗೆ ಗಲಭೆ ನಿಯಂತ್ರಣಕ್ಕೆ ಬಳಸಲು ಅದೇ ಒಪ್ಪಂದ ಅವಕಾಶ ಕೊಡುತ್ತದೆ. ದೇಹದೊಳಗೆ ಹೊಕ್ಕು ಅರಳುವ ಗುಂಡುಗಳನ್ನು 1899ರ ಹೇಗ್ ಘೋಷಣೆ ಯುದ್ಧದಲ್ಲಿ ನಿಷೇಧಿಸಿತು. ಅವುಗಳಿಗೆ 'ಡಮ್‌ಡಮ್' ಎಂಬ ಹೆಸರು ಬಂದದ್ದು ನಮ್ಮ ಕಲ್ಕತ್ತೆಯ ಬಳಿಯ ಡಮ್‌ಡಮ್‌ನ ಕಾರ್ಖಾನೆಯಿಂದ. ಅದೇ ಬಗೆಯ ಗುಂಡನ್ನು ಅಮೆರಿಕದ ಪೊಲೀಸರು ನಿತ್ಯ ಸೊಂಟದಲ್ಲಿ ಕಟ್ಟಿಕೊಳ್ಳುತ್ತಾರೆ. ದೇಹ ತೂರಿ ಹಿಂದಿನವರಿಗೆ ತಗಲುವುದಿಲ್ಲ ಎಂಬುದು ಅದಕ್ಕೆ ಕೊಡುವ ಕಾರಣ. ಶತ್ರುವಿನ ಮೇಲೆ ಬಳಸಬಾರದ್ದನ್ನು ಪ್ರಜೆಯ ಮೇಲೆ ಬಳಸಬಹುದು! ಆದ್ದರಿಂದ ಈ ವಸ್ತು ಯಾರ ಉಗ್ರಾಣದಿಂದ ಬಂತು ಎಂಬ ಪ್ರಶ್ನೆ ಸಾಲದು. ಇದನ್ನು ಹಿಡಿದವನು ಎದುರಿಗಿರುವವನನ್ನು ಯಾರೆಂದು ಬಗೆಯುತ್ತಾನೆ, ಎದುರಿಗಿರುವವನು ನಾಳೆ ಇವನನ್ನು ಪ್ರಶ್ನಿಸಬಲ್ಲನೇ ಎಂಬುದೇ ನಿಜವಾದ ಪ್ರಶ್ನೆ.

ಇದೇ ಪ್ರಶ್ನೆ ಇನ್ನೊಂದು ದಿಕ್ಕಿಗೂ ತಿರುಗುತ್ತದೆ. 'ನಮ್ಮ ಬೀದಿ ಇರಾಕ್ ಅಲ್ಲ' ಎಂಬ ಮಾತು ಅಮೆರಿಕದಲ್ಲಿ ಈ ವಾದದ ನಡುವೆ ಮತ್ತೆ ಮತ್ತೆ ಕೇಳಿಬಂತು. ಇರಾಕಿನ ಬೀದಿ ಯಾರದು? ಅಲ್ಲಿಯೂ ರೊಟ್ಟಿ ಅಂಗಡಿ ಇತ್ತು, ಶಾಲೆಯಿಂದ ಮರಳುವ ಮಕ್ಕಳಿದ್ದರು. ಪ್ರಜೆಯನ್ನು ಶತ್ರುವಿನಂತೆ ಕಾಣಬೇಡಿ ಎನ್ನುವಾಗ, ದೂರದ ಊರಿನವನನ್ನು ಹಾಗೆ ಕಾಣಬಹುದು ಎಂದು ನಾವು ಸದ್ದಿಲ್ಲದೆ ಒಪ್ಪಿಬಿಡುತ್ತೇವೆ. 1949ರ ಜಿನೀವಾ ಒಪ್ಪಂದಗಳು ಸೈನಿಕನಿಗೂ ಇದನ್ನೇ ಹೇಳುತ್ತವೆ: ಹೋರಾಡುವವನು ಬೇರೆ, ಮನೆಯಲ್ಲಿರುವವನು ಬೇರೆ. ಈ ಭೇದವನ್ನು ಪರರ ಬೀದಿಯಲ್ಲಿ ಮರೆತ ದೇಶಕ್ಕೆ ಆ ಮರೆವು ವಾಹನದ ಜೊತೆಯಲ್ಲೇ ಮನೆಗೆ ಮರಳುತ್ತದೆ.

ಪಂಡಿತರು ಲೆಕ್ಕವನ್ನೂ ಹಾಕಿದ್ದಾರೆ. ಸೈನ್ಯದ ಸಲಕರಣೆ ಬಂದ ಕಡೆ ಅಪರಾಧ ಕಡಿಮೆಯಾಯಿತೆಂದು 2017ರಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಹೇಳಿದರು. ಅದೇ ವರ್ಷ ಇನ್ನು ಕೆಲವರು, ಸಲಕರಣೆ ಹೆಚ್ಚಿದ ಕಡೆ ಪೊಲೀಸರ ಕೈಯಲ್ಲಿ ಸಾಯುವವರೂ ಹೆಚ್ಚಿದರೆಂದರು. 2018ರಲ್ಲಿ ಪ್ರಿನ್ಸ್‌ಟನ್ನಿನ ಜೊನಾಥನ್ ಮಮ್ಮೊಲೊ, ಇಂಥ ಪಡೆಗಳಿಂದ ಅಪರಾಧವೂ ಇಳಿಯಲಿಲ್ಲ, ಪೊಲೀಸರ ಸುರಕ್ಷೆಯೂ ಹೆಚ್ಚಲಿಲ್ಲ. ಮೇರಿಲ್ಯಾಂಡಿನಲ್ಲಿ ಕಪ್ಪು ಜನರ ಬಡಾವಣೆಗಳಿಗೆ ಅವು ಹೆಚ್ಚಾಗಿ ಹೋದವು ಎಂದು ತೋರಿಸಿದರು. 2021ರಲ್ಲಿ ಬಂದ ಎರಡು ಅಧ್ಯಯನಗಳು, ಹಿಂದಿನವರು ನಂಬಿದ ಸರ್ಕಾರಿ ಅಂಕಿಅಂಶವೇ ದೋಷಪೂರ್ಣವೆಂದೂ ಅಪರಾಧ ಇಳಿದದ್ದಕ್ಕೆ ನಂಬಬಹುದಾದ ಪುರಾವೆ ಇಲ್ಲವೆಂದೂ ಹೇಳಿದವು. ಲೆಕ್ಕ ನಡೆಯಲಿ, ನಡೆಯಬೇಕು. ಆದರೆ ನಾಳೆ ಲೆಕ್ಕ ಸ್ಪಷ್ಟವಾಗಿ ಕೈಗೆ ಬಂದು, ಕಳ್ಳತನ ನೂರಕ್ಕೆ ಎರಡರಷ್ಟು ಇಳಿಯಿತು ಎಂದೇ ಇಟ್ಟುಕೊಳ್ಳೋಣ. ಅದಕ್ಕಾಗಿ ಆ ಕೂಸಿನ ಹಾಸಿಗೆಯನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಡಲು ನಾವು ಸಿದ್ಧರಿದ್ದೇವೆಯೇ? ಹೆದರಿದ ಬೀದಿಯೂ ನಿಶ್ಶಬ್ದವಾಗಿಯೇ ಇರುತ್ತದೆ. ಅದನ್ನು ಶಾಂತಿ ಎಂದು ಕರೆಯಲಾಗದು.

ಸಲಕರಣೆ ಇದ್ದರೆ ಧೈರ್ಯ ಬರುತ್ತದೆ ಎಂಬ ನಂಬಿಕೆಗೆ 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿ ಎಂಬ ಊರು ಉತ್ತರ ಕೊಟ್ಟಿತು. ಶಾಲೆಯೊಂದಕ್ಕೆ ನುಗ್ಗಿದ ಬಂದೂಕುಧಾರಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದ. ಸ್ಥಳಕ್ಕೆ ಬಂದ ಬೇರೆ ಬೇರೆ ಇಲಾಖೆಗಳ ಪೊಲೀಸರು 376 ಮಂದಿ. ಊರಿಗೆ ತನ್ನದೇ ಸ್ವಾಟ್ ಪಡೆ ಇತ್ತು. ರೈಫಲ್ಲಿತ್ತು, ಕವಚವಿತ್ತು, ಗುಂಡು ತಡೆಯುವ ಗುರಾಣಿಯೂ ಬಂತು. ಆದರೂ ತರಗತಿಯೊಳಗಿದ್ದವನನ್ನು ಎದುರಿಸಲು 77 ನಿಮಿಷ ಹಿಡಿಯಿತು. ಒಳಗಿನಿಂದ ಮಕ್ಕಳು ಫೋನ್ ಮಾಡಿ ಪೊಲೀಸರನ್ನು ಕಳಿಸಿ ಎಂದು ಬೇಡುತ್ತಿದ್ದರು. ನಿಜವಾಗಿ ಬೇಕಾದ ದಿನ ಸಾಮಾನೆಲ್ಲ ಇತ್ತು, ಹೊಣೆ ಹೊರುವವರಿರಲಿಲ್ಲ. ಕವಚವನ್ನು ಉಗ್ರಾಣದಿಂದ ತರಿಸಬಹುದು, ಕರ್ತವ್ಯವನ್ನು ತರಿಸಲಾಗದು.

ಇಷ್ಟಾದರೂ ಅಲ್ಲಿನ ನೀತಿ ಉಯ್ಯಾಲೆಯಂತೆ ತೂಗಿದೆ. 2015ರಲ್ಲಿ ಒಬಾಮಾ ಆಡಳಿತ ಗ್ರೆನೇಡ್ ಲಾಂಚರ್, ಬಯೊನೆಟ್, ಸರಪಳಿ ಗಾಲಿಯ ಕವಚವಾಹನಗಳನ್ನು ಪೊಲೀಸರಿಗೆ ಕೊಡುವುದನ್ನು ತಡೆಯಿತು. 2017ರಲ್ಲಿ ಟ್ರಂಪ್ ಆ ತಡೆ ತೆಗೆದರು. 2022ರಲ್ಲಿ ಬೈಡನ್ ಮತ್ತೆ ಮಿತಿ ಹಾಕಿದರು. 2025ರ ಜನವರಿಯಲ್ಲಿ ಟ್ರಂಪ್ ಅದನ್ನೂ ರದ್ದು ಮಾಡಿ, ಏಪ್ರಿಲಿನಲ್ಲಿ ಸೈನ್ಯದ ಹೆಚ್ಚುವರಿ ಸಲಕರಣೆ ಸ್ಥಳೀಯ ಪೊಲೀಸರಿಗೆ ಇನ್ನಷ್ಟು ಸಿಗುವಂತೆ ಆದೇಶಿಸಿದರು. ಅಧ್ಯಕ್ಷರ ಸಹಿಯಿಂದ ಬಂದದ್ದು ಮುಂದಿನ ಅಧ್ಯಕ್ಷರ ಸಹಿಯಿಂದ ಹೋಗುತ್ತದೆ. ಇದಕ್ಕಿಂತ ಗಟ್ಟಿಯಾದ ಹೆಜ್ಜೆ ಇಟ್ಟದ್ದು ಕ್ಯಾಲಿಫೋರ್ನಿಯಾ ರಾಜ್ಯ. 2021ರಲ್ಲಿ ಅದು ಮಾಡಿದ ಕಾನೂನಿನ ಪ್ರಕಾರ, ಇಂಥ ಸಲಕರಣೆ ಬಯಸುವ ಪೊಲೀಸರು ಅದನ್ನು ಏಕೆ, ಹೇಗೆ ಬಳಸುತ್ತೇವೆಂದು ಬರೆದು, ಬಹಿರಂಗ ಸಭೆಯಲ್ಲಿ ಮಂಡಿಸಿ, ಜನರು ಆರಿಸಿದ ಸ್ಥಳೀಯ ಸಂಸ್ಥೆಯ ಒಪ್ಪಿಗೆ ಪಡೆಯಬೇಕು. ಪ್ರತಿವರ್ಷ ಬಳಕೆಯ ಲೆಕ್ಕ ಒಪ್ಪಿಸಬೇಕು. ದಂಡಿನ ಸಾಮಾನು ಬರುವ ಮುನ್ನ ಪೇಟೆಯವರನ್ನು ಕೇಳಬೇಕು ಎಂಬುದು ಇದರ ಸಾರ.

ನಮ್ಮ ದೇಶದ ಕಾನೂನಿನಲ್ಲೂ ಈ ಭೇದದ ಗುರುತು ಇದೆ. ಅಕ್ರಮ ಕೂಟವನ್ನು ಚದುರಿಸಲು ಸೈನ್ಯವನ್ನು ಕರೆಯುವುದು ಬೇರೆ ದಾರಿಯಿಲ್ಲದಾಗ, ಅದೂ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಎಂಬ ಹಳೆಯ ನಿಯಮ 2024ರ ಜುಲೈಯಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿದೆ. ಪೊಲೀಸರ ವಿರುದ್ಧದ ದೂರು ಕೇಳಲು ಪ್ರತ್ಯೇಕ ಪ್ರಾಧಿಕಾರ ಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಆದರೆ 2024ರ ಫೆಬ್ರುವರಿಯಲ್ಲಿ ಶಂಭು ಗಡಿಯಲ್ಲಿ ರೈತರ ತಲೆಯ ಮೇಲೆ ಹರಿಯಾಣದ ಪೊಲೀಸರ ಡ್ರೋನುಗಳು ಅಶ್ರುವಾಯು ಸುರಿಸಿದಾಗ, ಈ ಸಾಧನ ಯಾರ ಒಪ್ಪಿಗೆಯಿಂದ ಬಂತೆಂದು ಎಷ್ಟು ಜನ ಕೇಳಿದೆವು?

ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ಕೈಗಿಟ್ಟ ವಸ್ತು. ಕೊಟ್ಟವನು ಕೇಳಿದಾಗ ಹಾಗೆಯೇ ಹಿಂತಿರುಗಿಸಬೇಕಾದದ್ದು. ಕನ್ನಡದ ಕಚೇರಿ ಭಾಷೆಯಲ್ಲಿ ಅದೇ ಪದ 'ಅಮಾನತು' ಆಗಿ, ತಪ್ಪಿತಸ್ಥ ನೌಕರನನ್ನು ಕೆಲಸದಿಂದ ದೂರವಿಡುವುದಕ್ಕೆ ಸಲ್ಲುತ್ತದೆ. ಎರಡು ಅರ್ಥಗಳೂ ಪೊಲೀಸನ ಕೈಯ ಆಯುಧಕ್ಕೆ ಹೊಂದುತ್ತವೆ. ಅದು ಅವನದಲ್ಲ, ಸರ್ಕಾರದ್ದೂ ಅಲ್ಲ. ಊರಿನ ಜನ ತಮ್ಮ ರಕ್ಷಣೆಗೆಂದು ನಂಬಿ ಇಟ್ಟದ್ದು. ನಂಬಿಕೆಗೆ ದ್ರೋಹವಾದರೆ ಎರಡನೆಯ ಅರ್ಥ ಜಾರಿಗೆ ಬರಬೇಕು. ಹಾಗಾಗಿ ನಮ್ಮ ಊರಿನ ಪೊಲೀಸರಿಗೆ ಹೊಸ ವಾಹನವೋ ಹೊಸ ಅಸ್ತ್ರವೋ ಬಂದು, ಹೂಮಾಲೆ ಹಾಕಿ ಹಸಿರು ನಿಶಾನೆ ತೋರಿಸುವ ಫೋಟೋ ಪತ್ರಿಕೆಯಲ್ಲಿ ಬಂದ ದಿನ, ಚಪ್ಪಾಳೆ ತಟ್ಟುವ ಮೊದಲು ಮೂರು ಪ್ರಶ್ನೆ ಕೇಳೋಣ. ಇದರ ಕೊಠಡಿಯ ಬೀಗದ ಕೈ ಯಾರ ಬಳಿ ಇರುತ್ತದೆ? ಯಾರ ಲಿಖಿತ ಆದೇಶದ ಮೇಲೆ ಅದು ತೆರೆಯುತ್ತದೆ? ಬಳಸಿದ ಮರುದಿನ, ಅದನ್ನು ಎದುರಿಸಿದ ಬೀದಿಯವರ ಮುಂದೆ ಯಾರು ಬಂದು ನಿಂತು ಲೆಕ್ಕ ಒಪ್ಪಿಸುತ್ತಾರೆ?